ಮೂರೂ ಮುಕ್ಕಾಲು

ಪೇಟೆ ಬೀದಿ, ಮೊಬೈಲ್ ಕವರಿನ ಅಂಗಡಿಯ ಮೇಲೆ
ಕಡಿದಾದ ಹದಿನಾಲ್ಕು ಮೆಟ್ಟಿಲು ಹತ್ತಿದರೆ ನಾನು.
ಗುತ್ತಲು ರಸ್ತೆಯ ತಬಸ್ಸುಮ್
ಲ್ಯಾಪ್‌ಟಾಪನ್ನು ಹಳೇ ದುಪಟ್ಟದಲ್ಲಿ ಸುತ್ತಿ ತಂದಿದ್ದಳು.
ಬಿಚ್ಚಿದರೆ ಇನ್ನೂ ಬಿಸಿ.

ಇಂಜಿನಿಯರುಗಳಿಗೆ ಮನೆಯ ಚಿತ್ರ ಮಾಡಿಕೊಡುತ್ತಾಳೆ:
ಮೂವತ್ತು ನಲವತ್ತರ ಸೈಟು, ಕಂಬಕ್ಕೆ ಕಲ್ಲಿನ ಹೊದಿಕೆ,
ಗೇಟಿನ ಬಳಿ ಯಾರೂ ನೀರು ಹಾಕಬೇಕಿಲ್ಲದ ಒಂದು ಗಿಡ.
"ಮನೆ ತಿರುಗ್ಸಕ್ ಹೋದ್ರೆ
ಅರ್ಧ ತಿರುಗಿ ನಿಂತ್ಕತದೆ ಅಣ್ಣ,
ಯಾರೋ ಹಿಂದಿಂದ ಕರ್ದಂಗೆ.
ಹೊಸ ಕಾರ್ಡ್ ಹಾಕ್ಬುಡಿ."

ಹಾಕಲು ಜಾಗವಿಲ್ಲ.
ಈ ಯಂತ್ರದಲ್ಲಿ ಚಿತ್ರಕ್ಕೆ ಬೇರೆ ಮನೆಯಿಲ್ಲ,
ಲೆಕ್ಕ ಮಾಡುವ ಚಿಪ್ಪಿನೊಳಗೇ ಬಿಡಾರ.
ಮೆಮೊರಿಯೂ ಇಬ್ಬರಿಗೂ ಸೇರಿ ನಾಲ್ಕೇ ಜಿಬಿ,
ಬೋರ್ಡಿಗೇ ಬೆಸೆದದ್ದು.

ಆರಿಸಿ, ಹಚ್ಚಿ, ಎಫ್ ಟೂ ಮೇಲೆ ಬೆರಳು ಕುಟ್ಟಿದೆ.
ವಿಂಡೋಸ್ ಕಣ್ಣು ಬಿಡುವ ಮೊದಲು ಒಂದು ನೀಲಿ ಪರದೆ,
ಮೌಸ್ ಅಲ್ಲಿ ನಡೆಯುವುದಿಲ್ಲ.
ಬಾಣದ ಕೀಲಿಗಳಲ್ಲೇ ಸಾಲು ಸಾಲು ಇಳಿದೆ.
ಸಿಕ್ಕಿತು. ಚಿತ್ರದ ಪಾಲು: ಅರವತ್ನಾಲ್ಕು ಎಂಬಿ.
ಒಂದು ಬೊಗಸೆ.

ನಮ್ಮ ತಾತ ಮಂಚಯ್ಯ ನೀರುಗಂಟಿ.
ವಿ.ಸಿ. ನಾಲೆಯ ಕೊನೆಯ ತೂಬು ಅವನ ಕೈಯಲ್ಲಿತ್ತು.
ಮೇಲಿನ ಗದ್ದೆಗೆ ಹಲಗೆ ಎರಡು ಬೆರಳು ಜಾಸ್ತಿ ಎದ್ದರೆ
ಕೆಳಗಿನ ಗದ್ದೆಯವರು ಕೋಳಿ ಕೂಗುವ ಮುಂಚೆ ನಮ್ಮ ಜಗಲಿ ಮುಂದೆ.
"ನೀರ್ ಹುಟ್ಸಕ್ ನಾನ್ಯಾವನ್ಲಾ," ಅನ್ನುತ್ತಿದ್ದ,
"ನಂದೇನಿದ್ರೂ ಎತ್ತೋದು, ಇಳ್ಸೋದು."

ಐನೂರ ಹನ್ನೆರಡಕ್ಕೆ ಎತ್ತಿದೆ.
ತಿರುಗಿತು ಮನೆ! ಬಾಲ್ಕನಿ, ತಾರಸಿಯ ಕಪ್ಪು ಟ್ಯಾಂಕು,
ಹಿತ್ತಲ ಕಡೆಯ ಬೋಳು ಗೋಡೆ ಸಮೇತ
ಒಂದು ಪೂರ್ತಿ ಸುತ್ತು.
ಅವಳು ನಕ್ಕಳು. ನಕ್ಕು, ಬಿಲ್ಲು ಬರೆಯುವ ಎಕ್ಸೆಲ್ ತೆರೆದಳು,
ಜೊತೆಗೆ ವಾಟ್ಸಾಪು,
ಜೊತೆಗೆ ತಮ್ಮ ಪಾಠ ಕೇಳುವ ಕ್ರೋಮು.
ಎಲ್ಲ ನಿಂತವು. ಪರದೆಯ ನಡುವೆ ಒಂದು ಉಂಗುರ
ಸುತ್ತುತ್ತಾ, ಸುತ್ತುತ್ತಾ.
ಬಂದರು ಕೆಳಗಿನ ಗದ್ದೆಯವರು ಅಂದುಕೊಂಡೆ.

ಮತ್ತೆ ಎಫ್ ಟೂ.
ನೂರ ಇಪ್ಪತ್ತೆಂಟು: ಮನೆ ಮುಗ್ಗರಿಸಿತು.
ಇನ್ನೂರ ಐವತ್ತಾರು:
ಬಸುರಿ ಮಗ್ಗುಲು ಬದಲಿಸಿದಂತೆ ಮೆಲ್ಲಗೆ ತಿರುಗಿತು,
ಎಕ್ಸೆಲ್ಲೂ ಗೊಣಗಿಕೊಂಡೇ ತೆರೆಯಿತು.
ಯಾರಿಗೂ ಪೂರ್ತಿ ಖುಷಿಯಿಲ್ಲ.
ತಾತನ ಲೆಕ್ಕದಲ್ಲಿ ಅದೇ ಸರಿಯಾದ ಅಳತೆ.

ಆದರೆ ಅವಳ ಕಣ್ಣು ಚುರುಕು.
"ನಾಲ್ಕು ಅಂತ ಕೊಂಡಿದ್ದು. ಇಲ್ಲಿ ಮೂರೂ ಮುಕ್ಕಾಲು ತೋರುಸ್ತಾ ಅದೆ.
ಕಾಲು ಎಲ್ ಹೋಯ್ತು?"
ಎಲ್ಲೂ ಹೋಗಿಲ್ಲಮ್ಮ, ಚಿತ್ರಕ್ಕೆ ಅಂತ ಎತ್ತಿಟ್ಟಿದೀನಿ.
"ಅಂದ್ರೆ ನನ್ದೇ ತಗ್ದು ನಂಗೇ ಕೊಟ್ರಿ."
ಹೂಂ.
"ಹೊಸ್ದಾಗಿ ಏನೂ ಹಾಕ್ನಿಲ್ಲ."
ಇಲ್ಲ.
"ಅದಕ್ಕೆ ನೂರೈವತ್ತಾ?"

ಸುಗ್ಗಿಯಲ್ಲಿ ತಾತ ಕಣದಿಂದ ಕಣಕ್ಕೆ ಹೋಗಿ
ತನ್ನ ಪಾಲಿನ ಸಿವುಡಿಗೆ ನಿಲ್ಲುತ್ತಿದ್ದ. ಅವನ ಪಂಚೆ ಹಿಡಿದು ನಾನು.
"ನೀರು ಕಟ್ಟೇದು, ಗದ್ದೆ ನಮ್ದು,
ಮಧ್ಯ ನಿಂದೇನಯ್ಯಾ?"
ಅವನು ಎಲೆ ಅಡಿಕೆ ಜಗಿಯುತ್ತ, ಮಾತಾಡದೆ,
ಎರಡು ಬೆರಳು ಅಡ್ಡ ಹಿಡಿದು ತೋರಿಸುತ್ತಿದ್ದ.
ಕೆಲವರು ಕೊಡುತ್ತಿದ್ದರು. ಕೆಲವರು ನಗುತ್ತಿದ್ದರು.
ಅವನದೊಂದು ಫೋಟೋ ಕೂಡ ಇಲ್ಲ ನಮ್ಮಲ್ಲಿ.
ಮುಖ ಮಸುಕು. ಆ ಬೆರಳು ಮಾತ್ರ,
ಉಗುರಿನ ಅಂಚಿನ ಕೆಸರಿನ ಸಮೇತ, ಸ್ಪಷ್ಟ.

ನಾನು ಬೆರಳು ತೋರಿಸಲಿಲ್ಲ.
ನೂರು ಕೊಟ್ಟಳು, ತಗೊಂಡೆ.
ದುಪಟ್ಟ ಸುತ್ತಿಕೊಂಡು ಇಳಿದು ಹೋದಳು.
ಸ್ಕ್ರೂಡ್ರೈವರುಗಳನ್ನು ಡಬ್ಬಿಗೆ ಹಾಕುತ್ತಿದ್ದೆ,
ಮತ್ತೆ ಅದೇ ಚಪ್ಪಲಿ ಸದ್ದು, ಹದಿನಾಲ್ಕೂ ಮೆಟ್ಟಿಲು.
ಏದುಸಿರಲ್ಲೇ ಮೇಜಿನ ಮೇಲೆ ಇಪ್ಪತ್ತರ ನೋಟು ಇಟ್ಟಳು:
"ಹಿಂದ್ಗಡೆ ಗೋಡೆ ಇವತ್ತೇ ಅಣ್ಣ ಸರ್ಯಾಗಿ ನೋಡಿದ್ದು.
ಅಲ್ಲೊಂದು ಕಿಟಕಿ ಇಡೋದೇ ಮರ್ತಿದೀನಿ."