ಒಂದು ಪೈಸೆ ಕಮ್ಮಿ

ರಾತ್ರಿ ಒಂಬತ್ತೂವರೆಗೆ ಹರಿಣಾಕ್ಷಿ ಬಂಗೇರರ ಫೋನು:
"ದಿನ ಮುಚ್ಚುವುದಿಲ್ಲ ಮಾರಾಯ್ರೆ, ನಿಮ್ಮ ಮೆಷಿನು.
ಒಂದು ಪೈಸೆ ಕಮ್ಮಿ ಉಂಟಂತೆ."

ಕುದ್ರೋಳಿಯಿಂದ ಬಂದರದವರೆಗೆ ಬಿಸಿಲಲ್ಲಿ
ತೊಂಬತ್ತಮೂರು ಅಂಗಡಿ ಹತ್ತಿ ಇಳಿದು
ಪಿಗ್ಮಿ ಕಟ್ಟಿಸಿಕೊಂಡು ಬಂದ ಹೆಂಗಸು.
ಹೂವಿನವನದ್ದು ಐವತ್ತು, ಟೈಲರ್ ಐರಿನ್ ಬಾಯಿಯದ್ದು ಎಪ್ಪತ್ತು,
ಒಣಮೀನಿನ ಮೊಯ್ದಿನಬ್ಬರದ್ದು ಯಾವತ್ತೂ ನೂರ ನಲ್ವತ್ತೈದು.
ನೂರೈವತ್ತರಲ್ಲಿ ಐದು ಮುರಿದುಕೊಳ್ಳುತ್ತಾರೆ,
ಅಂಗಡಿ ಬಾಗಿಲ ಬೆಕ್ಕಿನ ಬಿಸ್ಕೆಟಿಗೆ.

"ನನ್ನ ಕೈಯಿಂದಲೇ ಹಾಕುತ್ತೇನೆ ಆ ಒಂದು ಪೈಸೆ" ಅಂದರು.
ಹಾಕುವುದೆಲ್ಲಿ?
ಟಂಕಸಾಲೆ ಮರೆತದ್ದು, ಕಾಣಿಕೆ ಡಬ್ಬಿಗೂ ಬೀಳದ್ದು,
ಸಿಟಿ ಬಸ್ಸಿನ ಕಂಡಕ್ಟರ್ ಬಯ್ಯಲು ಕೂಡ ಬಳಸದ್ದು.
ಎಲ್ಲೂ ಇಲ್ಲದ ಆ ಪೈಸೆ
ಬಾಗಿಲಿಗೆ ಅಡ್ಡ ಕೂತಿತ್ತು.

ತಪ್ಪು ನನ್ನದು. ಹೇಳಿಬಿಡುತ್ತೇನೆ.
ಮಣ್ಣಗುಡ್ಡೆಯಲ್ಲಿ, ಹಿಟ್ಟಿನ ಗಿರಣಿಯ ಮೇಲಿನ ಮಾಳಿಗೆಯಲ್ಲಿ
ಆ ಪ್ರೋಗ್ರಾಮು ಬರೆದವನು ನಾನು.
ರೂಪಾಯಿಗೂ ಪೈಸೆಗೂ ನಡುವೆ ಒಂದು ಬಿಂದು ಇಟ್ಟು
ನಂಬಿಕೊಂಡು ಕಂಪ್ಯೂಟರಿನ ಕೈಗೆ ಕೊಟ್ಟೆ.
ಅದಕ್ಕೆ ಹತ್ತು ಎಂದರೇನೆಂದು ಗೊತ್ತಿಲ್ಲ.
ಅದು ನನ್ನಜ್ಜನ ಕಾಲದ ಅಂಗಡಿ:
ಸೇರು, ಅರೆಸೇರು, ಪಾವು, ಅರೆಪಾವು, ಚಟಾಕು,
ಅರ್ಧದ ಅರ್ಧದ ಅರ್ಧ, ಅಷ್ಟೇ ಅದರ ಅಳತೆ.
ಇಷ್ಟರಲ್ಲಿ ಸೇರಿನ ಹತ್ತನೇ ಒಂದು ಪಾಲು ಅಳೆದು ಕೊಡು ಎಂದರೆ?
ಪಾಪ, ಸುರಿಯುತ್ತದೆ, ತೆಗೆಯುತ್ತದೆ, ಚಿಟಿಕೆ ಸೇರಿಸುತ್ತದೆ.
ಒಂದು ಕಾಳು ಹೆಚ್ಚು, ಇಲ್ಲವೇ ಒಂದು ನುಚ್ಚು ಕಮ್ಮಿ.
ಹತ್ತು ಪೈಸೆಗೆ ಇಪ್ಪತ್ತು ಕೂಡಿಸಿ ನೋಡಿ:
ಮೂರು, ಅದರ ಹಿಂದೆ ಹದಿನೈದು ಸೊನ್ನೆ,
ಅಷ್ಟು ಕತ್ತಲೆ ದಾಟಿದ ಮೇಲೆ
ಮೂಲೆಯಲ್ಲಿ ಅವಿತ ಒಂದು ನಾಲ್ಕು.

ಆಣೆಯ ಕಾಲದಲ್ಲಿ ಹುಟ್ಟಬೇಕಿತ್ತು ಈ ಯಂತ್ರ.
ಒಂದಾಣೆ, ನಾಲ್ಕಾಣೆ, ಎಂಟಾಣೆ, ಕೂದಲೆಳೆ ತಪ್ಪುತ್ತಿರಲಿಲ್ಲ.
ಹದಿನಾರಾಣೆ ಸತ್ಯ ಹೇಳಬಲ್ಲದು,
ನೂರು ಪೈಸೆಯ ಸತ್ಯಕ್ಕೆ ತೊದಲುತ್ತದೆ.

ಎರಡು ಗಂಟೆಗೆ ಸಿಕ್ಕಿತು.
ಕಮಿಷನ್ ನೂರಕ್ಕೆ ಮೂರಾಗಿ ಅವತ್ತೇ ಮೊದಲ ದಿನ.
ಮೊಯ್ದಿನಬ್ಬರ ನೂರ ನಲ್ವತ್ತೈದಕ್ಕೆ
ನಾಲ್ಕು ರೂಪಾಯಿ ಮೂವತ್ತೈದು ಪೈಸೆ.
ಅದನ್ನು ಪೈಸೆ ಮಾಡು ಎಂದರೆ
ನಾನೂರ ಮೂವತ್ತನಾಲ್ಕು, ಆಮೇಲೆ ಬಿಂದು,
ಆಮೇಲೆ ಒಂಬತ್ತು ಒಂಬತ್ತು ಒಂಬತ್ತು
ಇನ್ನೇನು ಮೂವತ್ತೈದನ್ನು ಮುಟ್ಟಬೇಕು,
ಬಾಲ ಕತ್ತರಿಸು ಎಂದು ನಾನೇ ಬರೆದಿಟ್ಟಿದ್ದೆ.
ಬೂತಾಯಿ ಕೊಯ್ದ ಹಾಗೆ ಕತ್ತರಿಸಿತು.
ಬೆಕ್ಕಿನ ಬಿಸ್ಕೆಟ್ಟು
ಹರಿಣಾಕ್ಷಿಯ ಒಂದು ಪೈಸೆ ತಿಂದಿತ್ತು.

ತಿದ್ದಿದೆ. ಈಗ ಒಳಗೆಲ್ಲ ಬರೀ ಪೈಸೆ, ಇಡಿ ಇಡಿ ಪೈಸೆ,
ಹರಿವಾಣದಲ್ಲಿ ಸುರಿದು ಎಣಿಸಿದ ಹಾಗೆ.
ಬಿಂದು ರಸೀದಿಗೆ ಮಾತ್ರ,
ಹೊರಗೆ ಹೊರಡುವ ಮುಂಚೆ, ಕನ್ನಡಿಯೆದುರು.

ಆದರೂ ಬಡ್ಡಿ ಹಂಚುವಾಗ ಒಮ್ಮೊಮ್ಮೆ
ಅರ್ಧ ಪೈಸೆ ಉಳಿಯುತ್ತದೆ. ಅದು ಯಾರದ್ದು?
ಕಾರ್ಯದರ್ಶಿ ಮಹಾಬಲ ಶೆಟ್ಟಿಗಾರರನ್ನು ಕೇಳಿದೆ.
"ಸೊಸೈಟಿಗೆ" ಎಂದರು, ಕಡತದಿಂದ ಕಣ್ಣೆತ್ತದೆ.
ಬರೆಯಲು ಕೂತೆ. ಇನ್ನೂ ಬರೆದಿಲ್ಲ.
ಆ ಒಂದು ಸಾಲು ಖಾಲಿ ಇದೆ.

ಮರುದಿನ ಹರಿಣಾಕ್ಷಿ ಬಂದರು, ಹೆಲ್ಮೆಟ್ ಕಂಕುಳಲ್ಲಿ.
ಅಮ್ಮನ ಎಲೆಯಡಿಕೆ ಡಬ್ಬಿಯಲ್ಲಿ ಸಿಕ್ಕಿತಂತೆ
ಚೌಕದ ಅಲ್ಯೂಮಿನಿಯಂ ಒಂದು ಪೈಸೆ,
ಫ್ಯಾನಿನ ಗಾಳಿಗೆ ಮೇಜಿನ ಮೇಲೆ ನಡುಗುವಷ್ಟು ಹಗುರ.
"ನಿಮ್ಮ ಹತ್ತಿರವೇ ಇರಲಿ. ಇನ್ನೊಮ್ಮೆ ಬೇಕಾದೀತು."
ಮೆಷಿನು ಒತ್ತಿದರು. ನಿನ್ನೆಯ ದಿನ ಇವತ್ತು ಮುಚ್ಚಿತು.
ಚೀಟಿ ಹೊರಬಂತು: ವ್ಯತ್ಯಾಸ 0.00
ದೂರ ಹಿಡಿದು ಓದಿ ನಕ್ಕರು:
"ಎಂಥದ್ದೂ ಇಲ್ಲದ್ದಕ್ಕೂ
ಒಂದು ಬೊಟ್ಟು ಇಟ್ಟಿದ್ದೀರಲ್ಲ!"