ಕೇಳುವ ಕೆಲಸ

ಈ ಬೀರುವಿನ ಕೀಲಿಯನ್ನು ಒಂಚೂರು ಮೇಲೆತ್ತಿ ತಿರುಗಿಸಬೇಕು, ಟೆಸ್ಸಾ.
ಬಲವಂತ ಮಾಡಿದರೆ ತೆರೆಯುವುದಿಲ್ಲ.
ಗ್ರಿಮ್ಸ್‌ಬಿಯಲ್ಲಿ ಯಾರ ಬಳಿ ಎಷ್ಟಿದೆ, ಯಾರು ಎಷ್ಟು ಕೊಟ್ಟರು,
ಅದೆಲ್ಲ ಕಂಪ್ಯೂಟರಿನಲ್ಲಿದೆ.
ಈ ಕಾರ್ಡುಗಳಲ್ಲಿರುವುದು ಬೇರೆ:
ಯಾರ ನಾಯಿ ಕಚ್ಚುತ್ತದೆ,
ಯಾರ ಮನೆಯಲ್ಲಿ ಯಾವ ಕುರ್ಚಿಯಲ್ಲಿ ಕೂರಬಾರದು,
ಅದು ಇನ್ನೂ ತೀರಿಕೊಂಡವರದ್ದು.

ಮೊದಲ ವರ್ಷ ನನಗೆ ನಾಚಿಕೆ.
ಸೂಪರ್‌ಮಾರ್ಕೆಟ್ಟಿನ ಬಾಗಿಲಲ್ಲಿ ಹಳದಿ ಡಬ್ಬ ಹಿಡಿದು ನಿಂತಿದ್ದೆ.
ಜೊತೆಗೆ ಓದಿದವಳೊಬ್ಬಳು ಎದುರಾದವಳೇ
ಈರುಳ್ಳಿಯ ಬೆಲೆ ಓದತೊಡಗಿದಳು,
ತುಂಬ ಹೊತ್ತು ಓದಿದಳು.
ಸಂಜೆ ಡಬ್ಬ ಸುರಿದರೆ
ನಾಣ್ಯಗಳ ನಡುವೆ ಒಂದು ಕೋಟಿನ ಗುಂಡಿ,
ನಾಲ್ಕು ತೂತು, ಒಂದರಲ್ಲಿ ದಾರ.
ಏನೂ ಇಲ್ಲದವರು ಹಾಕಿದ್ದೋ
ಬರೀ ಸದ್ದಿಗೆ ಹಾಕಿದ್ದೋ ಇವತ್ತಿಗೂ ಗೊತ್ತಿಲ್ಲ.
ಲೆಕ್ಕದ ಪುಸ್ತಕದಲ್ಲಿ ಬರೆದೆ: ಗುಂಡಿ, ಒಂದು.
ಆಡಿಟರ್ ನಗಲಿಲ್ಲ.

ತರಬೇತಿಯಲ್ಲಿ ಹೇಳಿಕೊಡುತ್ತಾರೆ:
ಮೊತ್ತ ಹೇಳು, ಆಮೇಲೆ ಬಾಯಿ ಮುಚ್ಚು,
ಮೊದಲು ಮಾತಾಡಿದವರು ಸೋತರು.
ಹಾಗೆ ಸುಮ್ಮನಿದ್ದು ನಾನೂ ಗೆದ್ದಿದ್ದೇನೆ.
ಶೀತಲ ಗೋದಾಮಿನ ಸ್ಕಿಪ್‌ವರ್ತ್
ಇಡೀ ಒಂದು ನಿಮಿಷ ತಡೆದು ಐವತ್ತು ಸಾವಿರ ಪೌಂಡು ಅಂದ.
ಹೆಸರಿನ ಅಕ್ಷರ ಎಷ್ಟು ಇಂಚು, ಅಂತಲೂ ಕೇಳಿದ.
ಆರು ಇಂಚು. ಕಂಚು. ಪೂರ್ವದ ಗೋಡೆ.
ನಗಬೇಡ.
ಆ ಗೋಡೆಯ ಹಿಂದೆ ನಾಲ್ಕು ಹಾಸಿಗೆ.
ನನ್ನ ಅಮ್ಮ ಮಲಗಿದ್ದು ಕಿಟಕಿ ಪಕ್ಕದ್ದರಲ್ಲಿ.

ಆದರೆ ಈ ಕಾರ್ಡು ನೋಡು, ಮೂಲೆ ಮಡಚಿದ್ದು.
ಎಡ್ಗರ್ ಮಂಬಿ. ಐಸ್‌ಲ್ಯಾಂಡಿನ ಕಡೆ ಮೂವತ್ತು ವರ್ಷ ಬಲೆ ಬೀಸಿದವನು.
ಹೆಂಡತಿ ನಮ್ಮ ಹಾಸ್ಪಿಸ್‌ನಲ್ಲೇ ಹೋದಳು.
ಚಹಾ ಮಾಡಿ ಕೊಟ್ಟು, ಮನೆಯ ಪತ್ರ ಮೇಜಿನ ಮೇಲಿಟ್ಟ:
ಎಲ್ಲ ನಿಮಗೇ ಬರೆದುಬಿಡುತ್ತೇನೆ.
ಉಯಿಲಿನ ಫಾರಂ ನನ್ನ ಚೀಲದಲ್ಲಿತ್ತು.
ಪೆನ್ನೂ ಇತ್ತು.
ಗೋಡೆಯ ಮೇಲೆ ಫೋಟೋ ತೆಗೆದ ಜಾಗದ ಚೌಕ,
ಸುತ್ತಲಿಗಿಂತ ಹೊಸ ಬಣ್ಣ.
ಇಲ್ಲಿ ಯಾರಿದ್ದರು, ಕೇಳಿದೆ.
ಅದು ನಾನು ಕೇಳಬೇಕಾದ್ದಲ್ಲ.

ಮಗ. ಹನ್ನೊಂದು ವರ್ಷದ ಜಗಳ.
ಇರುವುದು ಹಲ್‌ನಲ್ಲಿ, ನದಿ ದಾಟಿದರೆ ಆಯಿತು.
ಎರಡು ಗಂಟೆ ಕೇಳಿದೆ.
ಚಹಾದ ಮೇಲೆ ಕೆನೆ ಕಟ್ಟಿತು, ಕಿಟಕಿಯಲ್ಲಿ ಕಡಲಹಕ್ಕಿ ಬಂದು ಹೋಯಿತು,
ಕೇಳುತ್ತಲೇ ಇದ್ದೆ.
ಏಳುವಾಗ ಅಂದೆ: ಇವತ್ತು ಸಹಿ ಬೇಡ.
ಅವನಿಗೊಂದು ಫೋನ್ ಮಾಡಿ.
ಆಮೇಲೂ ಹೀಗೇ ಅನ್ನಿಸಿದರೆ ನನ್ನ ನಂಬರು ಇದೆ.

ಮಾಡಿದನೋ ಇಲ್ಲವೋ.
ಮಾರ್ಚಿನಲ್ಲಿ ಅಂಚೆ ಕಚೇರಿಯ ಸರದಿಯಲ್ಲಿ ನಿಂತಲ್ಲೇ ಕುಸಿದ.
ಉಯಿಲಿರಲಿಲ್ಲ. ಮನೆ ಮಗನಿಗೆ ಹೋಯಿತು, ಮಗ ಮಾರಿದ.
ನಮಗೆ ಕಾರ್ಡೂ ಇಲ್ಲ, ಕಾಸೂ ಇಲ್ಲ.

ನಿರ್ದೇಶಕರು ಬಾಗಿಲು ಹಾಕಿ ಕೂರಿಸಿದರು.
ಒಂದು ಲಕ್ಷ ಹತ್ತು ಸಾವಿರ, ಅಂದರು,
ಇಬ್ಬರು ರಾತ್ರಿ ನರ್ಸುಗಳು, ಒಂದೂವರೆ ವರ್ಷ.
ಲೆಕ್ಕ ಸರಿಯಾಗಿತ್ತು.
ನನ್ನ ಬಳಿ ಉತ್ತರ ಇರಲಿಲ್ಲ, ಈಗಲೂ ಇಲ್ಲ.
ಆ ಒಂದೂವರೆ ವರ್ಷ
ಗಂಟೆ ಒತ್ತಿ, ಕಾದು, ಮತ್ತೆ ಒತ್ತಿದವರು ಯಾರೋ ಇದ್ದರು.
ಅವರ ಹೆಸರು ಯಾವ ಕಾರ್ಡಿನಲ್ಲೂ ಇಲ್ಲ.
ಆದರೂ ಆ ಮನೆಗೆ ಮತ್ತೆ ಹೋದರೆ
ಪೆನ್ನು ತೆಗೆಯುತ್ತಿದ್ದೆನೆ?
ಕೆಲವು ರಾತ್ರಿ ತೆಗೆಯುತ್ತೇನೆ.
ಮುಚ್ಚಳ ತೆರೆದು, ಅವನ ಕೈಗೇ ಕೊಡುತ್ತೇನೆ.

ಇಷ್ಟೇ. ನಿನಗೆ ಯಾವುದು ಸರಿ ಎಂದು ಹೇಳಲಾರೆ.
ಗುಂಡಿ ಕೆಳಗಿನ ಖಾನೆಯಲ್ಲಿದೆ, ಎಸೆಯಬೇಡ,
ಲೆಕ್ಕದಲ್ಲಿದೆ.
ಮಂಗಳವಾರ ಹತ್ತಕ್ಕೆ ವಿನಿಫ್ರೆಡ್ ಓಡ್ಲಿಂಗ್ ಫೋನ್ ಮಾಡುತ್ತಾಳೆ.
ತಿಂಗಳಿಗೆ ಮೂರು ಪೌಂಡು ಕೊಡುವವಳು,
ಮುಕ್ಕಾಲು ಗಂಟೆ ಮಾತಾಡುತ್ತಾಳೆ, ಹೆಚ್ಚಾಗಿ ಮೊಣಕಾಲಿನ ಬಗ್ಗೆ.
ಮೇಜಿನ ಮೇಲೆ ಎಷ್ಟೇ ಕೆಲಸವಿರಲಿ
ಎತ್ತು.
ಕೇಳು.