ಹದಿನೆಂಟು ಅಂಕ

ದುರ್ಗಿಗುಡಿಯಲ್ಲಿ ಸೈಕಲ್ ಅಂಗಡಿ ಮೇಲಿನ ಕೋಣೆ,
ಗಂಟೆಗೆ ಮೂವತ್ತು ರೂಪಾಯಿ.
ಆಟ ಕೈಗೆ ಹದಿನೆಂಟು ಅಂಕ ಕೊಟ್ಟು
ಕೇಳುತ್ತದೆ: ಯಾರಾಗ್ತೀಯ?

ತಬ್ರೇಜ್ ಅಷ್ಟನ್ನೂ ತೋಳಿಗೆ ಸುರಿದ.
ಬುದ್ಧಿಗೆ ಸೊನ್ನೆ. "ಕೊಡಲಿ ಬೀಸುವಾಗ
ಮಾರ್ಕ್ಸ್ ಕಾರ್ಡ್ ಯಾರು ಕೇಳ್ತಾರೆ ಮಾರಾಯ?"
ನಾನು ಗುರಾಣಿ ಹಿಡಿದೆ.
ಐವತ್ತೆರಡು ಕೆಜಿಯ ಈ ಮೈಗೆ
ಇಲ್ಲಾದರೂ ಗೋಡೆಯಾಗುವ ಆಸೆ.
ಡೆಲ್ಫಿನ್ ಮದ್ದಿನವಳು.
ಮೆಗ್ಗಾನ್ ಆಸ್ಪತ್ರೆಯಲ್ಲಿ ಹಗಲಿಡೀ ಡ್ರಿಪ್ ಹಾಕಿ
ಇಲ್ಲಿ ಬಂದು ಮತ್ತದೇ.

ಮೂರು ವಾರ ಗೆದ್ದೆವು,
ಕಲ್ಲುಕೋಟೆ ರಾಕ್ಷಸನ ಐದನೇ ತಲೆಯವರೆಗೂ.
ಆಮೇಲೆ ಅಪ್‌ಡೇಟ್ ಬಂತು:
ಸಮತೋಲನಕ್ಕಾಗಿ
ಮದ್ದಿನ ಬಲ ಶೇಕಡಾ ನಲವತ್ತು ಕಡಿತ.
ಕೊಡಲಿಯನ್ನು ಯಾರೂ ಮುಟ್ಟಿರಲಿಲ್ಲ.

"ಬೆಂಕಿ ಮಂತ್ರಕ್ಕೆ ಬದಲಾಗು," ಅಂದ ತಬ್ರೇಜ್,
"ಈಗ ಅದರದೇ ಕಾಲ."
ಅವಳು ಪರದೆಯಿಂದ ಕಣ್ಣು ಕೀಳಲಿಲ್ಲ.
"ಕಡಿಮೆ ಮದ್ದಲ್ಲಿ ವಾರ್ಡು ನಡೆಸೋದು
ನಂಗೇನು ಹೊಸದಾ?
ನೀವು ಕಡಿಮೆ ಪೆಟ್ಟು ತಿನ್ನಿ."

ಬೈದುಕೊಂಡೇ ಅವನು ತೋಳಿನಿಂದ ನಾಲ್ಕು ಕಿತ್ತು
ಕಾಲಿಗೆ ಹಾಕಿದ.
ನಾನು ಗೋಡೆಯಾಗುವುದು ಬಿಟ್ಟೆ, ಬಾಗಿಲಾದೆ:
ಹೊಡೆತ ಬಂದರೆ ಸರಿದು,
ಹೋದಮೇಲೆ ಮುಚ್ಚಿಕೊಂಡು.
ಎಷ್ಟು ಸತ್ತೆವೋ.
ಒಂದು ಮಂಗಳವಾರ ರಾಕ್ಷಸನಿಗೆ
ಉಗುರಿನಷ್ಟು ಕೆಂಪು ಗೆರೆ ಉಳಿದಿತ್ತು, ಅಷ್ಟೇ,

ಕರೆಂಟು ಹೋಯಿತು.

ಬೀದಿಯೆಲ್ಲ ಕತ್ತಲು. ಅಂಗಡಿ ಪರಮೇಶಿ
ಅರ್ಧ ಗಂಟೆಯದು ವಾಪಸ್ ಕೊಡಲು ಚಿಲ್ಲರೆ ತಡಕುತ್ತಿದ್ದ.
ಕಿರಿದಾದ ಮರದ ಮೆಟ್ಟಿಲು.
ಯಾರೂ ಹೇಳದೆಯೇ ನಾನು ಮುಂದೆ,
ತಬ್ರೇಜ್ ನಡುವೆ,
ಮೊಬೈಲ್ ದೀಪ ನಮ್ಮ ಹೆಜ್ಜೆಗಳ ಮೇಲೆ ಹಿಡಿದು
ಡೆಲ್ಫಿನ್ ಹಿಂದೆ.